ಎರಡರ ಪಕ್ಕದ ನೂರು

"ಮೇಷ್ಟ್ರೇ, ಎರಡು ಓಮ್ ತಂತಿಯ ಪಕ್ಕದಲ್ಲಿ ನೂರು ಓಮ್ ತಂತಿಯನ್ನು ಕಟ್ಟಿದರೆ ಒಟ್ಟು ರೋಧ ಎರಡಕ್ಕಿಂತಲೂ ಕಡಿಮೆ ಬರುತ್ತದೆ. ಒಳ್ಳೆಯ ದಾರಿಯ ಪಕ್ಕದಲ್ಲಿ ಕೆಟ್ಟ ದಾರಿಯೊಂದನ್ನು ತಂದಿಟ್ಟರೆ, ಇದ್ದದ್ದು ಇನ್ನೂ ಒಳ್ಳೆಯದಾಗುವುದು ಹೇಗೆ? ಲೆಕ್ಕ ಒಪ್ಪುತ್ತದೆ. ನನ್ನ ಮನಸ್ಸು ಒಪ್ಪುವುದಿಲ್ಲ."

ಕೇಳಿದವಳು ಭಾಗೀರಥಿ. ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು. ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ವೃಷಭೇಂದ್ರ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ, ಹಲಗೆಯ ಮೇಲಿದ್ದ ಎರಡನ್ನೂ ನೂರನ್ನೂ ನೋಡಿದರು.

ಆ ಊರಿನಲ್ಲಿ ವೈರ್‌ಮನ್ ಪರೀಕ್ಷೆ ಪಾಸು ಮಾಡಿದ ಮೊದಲ ಹೆಂಗಸು ಭಾಗೀರಥಿ. ಸುಮ್ಮನೆ ಪಾಸಲ್ಲ, ಜಿಲ್ಲೆಗೇ ಮೊದಲು. ಕರೆಂಟು ಹೋದರೆ ಜನ ಮೊದಲು ಅವಳ ಮನೆಯ ಕದ ತಟ್ಟುತ್ತಾರೆ, ಆಫೀಸಿನ ನೆನಪಾಗುವುದು ಆಮೇಲೆ. ಅವಳು ಸೆರಗು ಸೊಂಟಕ್ಕೆ ಬಿಗಿದು, ಇಕ್ಕಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತುವುದನ್ನು ನೋಡಲಿಕ್ಕೆ ಬೀದಿಯ ಜನ ನಿಲ್ಲುತ್ತಿದ್ದರು. ಕಲಿತದ್ದೆಲ್ಲ ಇದೇ ಜಗಲಿಯಲ್ಲಿ. ಈ ವರ್ಷ ಮೇಷ್ಟ್ರಿಗೆ ಗಂಟಲು ಕೈಕೊಟ್ಟಿತು. ಪರೀಕ್ಷೆಗೆ ಕಟ್ಟಿದವರಿಗೆ ಸಂಜೆಯ ಪಾಠ ಹೇಳುವ ಕೆಲಸ ಅವಳ ಪಾಲಿಗೆ ಬಂತು. ಅವಳಿಗೆ ಹೆಮ್ಮೆ ಇತ್ತು, ಇರಬೇಕಾದದ್ದೇ. ಅವಳ ವಿಷಯದಲ್ಲಿ ಮೇಷ್ಟ್ರಿಗಿದ್ದ ಹೆಮ್ಮೆ ಅವಳದಕ್ಕಿಂತ ಒಂದು ಕೈ ಮೇಲೇ ಇತ್ತು.

ಗೋಜಲು ಗೋಜಲಾದ ವಿದ್ಯುತ್ ಮಂಡಲವೊಂದನ್ನು ಹಲಗೆಯ ತುಂಬ ಬರೆದು, ಇಲ್ಲಿ ಎರಡನ್ನು ಕೂಡಿಸಿ ಒಂದು ಮಾಡಿ, ಅಲ್ಲಿ ಮೂರನ್ನು ಮಡಿಸಿ ಒಂದು ಮಾಡಿ, ಕೊನೆಗೆ ಎಲ್ಲದರ ಬದಲಿಗೆ ನಿಲ್ಲುವ ಒಂದೇ ಒಂದು ರೋಧವನ್ನು ಉಳಿಸಿ ಅವಳು ಕೈ ಒರೆಸಿಕೊಂಡರೆ, ಕುಳಿತವರ ಬಾಯಿಂದ "ಅಬ್ಬಾ" ಬರುತ್ತಿತ್ತು. ಆಮೇಲೆ ಒಬ್ಬೊಬ್ಬರ ಬಳಿ ಹೋಗಿ ತಪ್ಪು ತಿದ್ದುವಳು. ಕಲಿಯಲು ಬರುವವರು ಹಗಲೆಲ್ಲ ಕೂಲಿ ಮಾಡುವ ಹೆಲ್ಪರುಗಳು, ಪಂಪುಸೆಟ್ಟು ರಿಪೇರಿಯವರು, ಗಿರಣಿಯ ಹೆಂಗಸರು. ಮುಂದಿನ ಚಾಪೆಯವರದೆಲ್ಲ ತಿದ್ದಿ ಆಗುವಷ್ಟರಲ್ಲಿ ಹಿಂದಿನ ಚಾಪೆಯವರ ಬಸ್ಸು ಬಂದುಬಿಡುತ್ತಿತ್ತು.

ಇವತ್ತು ಪಾಠ ಶುರುವಾಗುವ ಮೊದಲು ನಿಂಗರಾಜು ಬಂದಿದ್ದ. ಮೋಟಾರಿಗೆ ತಂತಿ ಸುತ್ತುವವನು. ಬಿದ್ದು ಎದ್ದು, ಮತ್ತೆ ಬಿದ್ದು ಎದ್ದು ಅದೇ ಪರೀಕ್ಷೆ ಪಾಸಾದವನು. ಯಾರಿಗಾದರೂ ಒಂದು ಲೆಕ್ಕ ಹೇಳಿಕೊಡಬೇಕಾದರೆ ಊಟ ಆಯಿತೇ, ಮನೆಯಲ್ಲಿ ಎಲ್ಲ ಹುಷಾರೇ ಎಂದು ವಿಚಾರಿಸಿಕೊಂಡು ಆಮೇಲೆ ಲೆಕ್ಕಕ್ಕೆ ಬರುವ ಪೈಕಿ. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ತಾಯೀ, ಹಿಂದಿನ ಚಾಪೆಯವರನ್ನು ನಾನು ನೋಡಿಕೊಳ್ಳಲಾ?" ಎಂದು ಕೇಳಿದ.

"ನಿಂಗರಾಜಣ್ಣ, ನೀವು ಒಂದು ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಇವರ ಪರೀಕ್ಷೆ ಮುಗಿದು ರಿಸಲ್ಟೂ ಬಂದಿರುತ್ತದೆ. ಆಗುತ್ತಿರುವ ಕೆಲಸವೂ ನಿಂತುಹೋಗುತ್ತದೆ, ಬೇಡ."

ಎಲ್ಲರೂ ನಕ್ಕರು. ನಿಂಗರಾಜುವೂ ನಕ್ಕ. ನಕ್ಕು, ಚಪ್ಪಲಿ ಮೆಟ್ಟಿಕೊಂಡು ಹೋದ. ಭಾಗೀರಥಿ ಹಲಗೆಯ ಕಡೆ ತಿರುಗಿದಳು. ಪಾಠದ ನಡುವೆ ಹಿಂದೆ ಯಾರೋ ಚಾಪೆಯಿಂದ ಎದ್ದು ಹೋದ ಸದ್ದಾಯಿತು, ಅವಳು ನೋಡಲಿಲ್ಲ. ಈಗ ಎಲ್ಲರೂ ಹೋಗಿಯಾಗಿತ್ತು. ಉಳಿದವರು ಅವಳು, ಮೇಷ್ಟ್ರು ಮತ್ತು ಹಲಗೆಯ ಮೇಲಿನ ಆ ಲೆಕ್ಕ.

"ಕುಳಿತುಕೋ," ಎಂದರು ಮೇಷ್ಟ್ರು. ಅವಳು ಕುಳಿತಳು. ಅವರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಡಿಸುವವನಿದ್ದ.

ಬಡಿಸುವುದೂ ಒಂದು ಕಸುಬೇ ಎಂದು ಮೂಗು ಮುರಿಯಬೇಡ. ಅಡಿಗೆ ಕೆಟ್ಟರೆ ಜನ ಉಪ್ಪು ಕಮ್ಮಿ, ಹುಳಿ ಹೆಚ್ಚು ಎಂದು ಆಡಿಕೊಂಡು ಮರೆತುಬಿಡುತ್ತಾರೆ. ಬಡಿಸುವುದು ಕೆಟ್ಟರೆ ಬೀಗರು ಮೂರು ತಲೆಮಾರು ಮರೆಯುವುದಿಲ್ಲ. ಅದಕ್ಕೇ ಸುತ್ತಿನ ಊರುಗಳಲ್ಲಿ ಮದುವೆ ನಿಶ್ಚಯವಾದರೆ ಪುರೋಹಿತರಿಗಿಂತ ಮೊದಲು ಇವನಿಗೆ ವೀಳ್ಯ ಹೋಗುತ್ತಿತ್ತು. ಎಡಗೈಯಲ್ಲಿ ತಪ್ಪಲೆ, ಬಲಗೈಯಲ್ಲಿ ಸೌಟು. ಬಗ್ಗಿದ ಸೊಂಟ ಎತ್ತದೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಒಂದೇ ಓಟ. ಸೌಟಿನಿಂದ ಇಳಿದ ಸಾರು ಅನ್ನದ ಗುಳಿಯಲ್ಲೇ ನಿಲ್ಲುತ್ತಿತ್ತು, ಎಲೆಯ ಅಂಚು ಮುಟ್ಟುತ್ತಿರಲಿಲ್ಲ. ಬೇಕು ಎನ್ನುವವನ ಸಂಕೋಚವೂ ಸಾಕು ಎನ್ನುವವನ ಸುಳ್ಳೂ ಅವನಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಯಾರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಡಿಗೆಯವರು ತಪ್ಪಲೆ ತುಂಬಿಕೊಟ್ಟರೆ ಸಾಕು, ಮಿಕ್ಕದ್ದು ಅವನದೇ ಕೈ.

"ನನ್ನ ಪಂಕ್ತಿಯಿಂದ ಹಸಿದು ಎದ್ದವರಿಲ್ಲ," ಎನ್ನುವುದು ಅವನ ಮಾತು. ಜಂಬದ ಮಾತೇ. ಆದರೆ ಬರಿ ಬಾಯಿ ಬಡಾಯಿ ಅಲ್ಲ, ಅವನು ಅದನ್ನು ನಿಜವಾಗಿ ನಂಬಿದ್ದ.

ಆ ಸೀಮೆಯ ಪಂಕ್ತಿಗೆ ಕೆಲವು ಕಟ್ಟುಗಳಿದ್ದವು. ಮೊದಲು ಎಲೆಯ ತುದಿಗೆ ಉಪ್ಪು ಬೀಳಬೇಕು. ಉಪ್ಪು ಇಡುವವನು ಪಂಕ್ತಿಯ ಕೊನೆ ಮುಟ್ಟುವ ತನಕ ಅನ್ನದವನು ಹೊರಡುವಂತಿಲ್ಲ. ಮುಂದೆ ಹೋಗುವವನನ್ನು ಹಿಂದಿನವನು ದಾಟುವಂತಿಲ್ಲ. ಎಲ್ಲರ ಎಲೆಗೂ ತುಪ್ಪ ಬೀಳುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಇನ್ನು ಏಳುವುದೆಂದರೆ, ಪಂಕ್ತಿಯಲ್ಲಿ ಕೊನೆಯವನ ಊಟ ಮುಗಿಯುವ ತನಕ ಮೊದಲನೆಯವನೂ ಏಳುವಂತಿಲ್ಲ. ನಡುವೆ ಎದ್ದರೆ ಪಂಕ್ತಿಗೇ ಅವಮಾನ. ಇದೆಲ್ಲ ಮರ್ಯಾದೆಗೆಂದು ಹಿರಿಯರು ಮಾಡಿಟ್ಟದ್ದು.

ಆ ಊರಿನ ಒಬ್ಬ ವರ್ತಕ ಮಗಳ ಮದುವೆ ಮಾಡಿದ. ಒಬ್ಬಳೇ ಮಗಳು. ಮನೆಯ ಮುಂದೆ ಬೀದಿಯುದ್ದಕ್ಕೂ ಚಪ್ಪರ. ಬೀಗರಿಗೆ ಒಂದೂರಿನವರನ್ನು ಕರೆತನ್ನಿ ಎಂದಿದ್ದ, ಅವರು ಎರಡೂರಿನವರನ್ನು ಕರೆತಂದರು. ಹೊತ್ತು ಮುಳುಗುವ ಮೊದಲು ದಿಬ್ಬಣ ಊರ ಗಡಿ ದಾಟಬೇಕು ಎಂದು ಜೋಯಿಸರು ಹೇಳಿಬಿಟ್ಟಿದ್ದರು. ಧಾರೆ ಮುಗಿದಾಗಲೇ ನೆರಳು ಪೂರ್ವಕ್ಕೆ ವಾಲಿತ್ತು. ವರ್ತಕ ಚಪ್ಪರದ ತುಂಬ ಕಾಣುತ್ತಿದ್ದ ತಲೆಗಳನ್ನು ನೋಡಿ ಎದೆ ಹಿಡಿದುಕೊಂಡ. ಬಡಿಸುವವನ ಬಳಿಗೆ ಬಂದು, "ಅಪ್ಪಾ, ನನ್ನ ಮನೆಯಿಂದ ಒಬ್ಬರು ಹಸಿದು ಹೋದರೂ ನನ್ನ ಮಾನ ಹೋದ ಹಾಗೆಯೇ. ಇವರಿಗೆಲ್ಲ ನೀನೊಬ್ಬನೇ ಸಾಕೇ?" ಎಂದು ಕೇಳಿದ.

ಕೇಳಬಾರದ ಮಾತು ಅದು. ಬಡಿಸುವವನ ಮುಖ ಕೆಂಪಾಯಿತು. ನಾಲ್ಕು ಜನರ ಮುಂದೆ ಸೌಟು ಎತ್ತಿ ಹಿಡಿದು ಹೇಳಿದ: "ದಿಬ್ಬಣ ಹೊರಡುವ ಹೊತ್ತಿಗೆ ಈ ಚಪ್ಪರದಲ್ಲಿ ಊಟವಿಲ್ಲದ ಒಬ್ಬನನ್ನು ತೋರಿಸಿ. ನಾಳೆಯಿಂದ ಈ ಸೌಟು ಮುಟ್ಟಿದರೆ ಕೇಳಿ."

ಅಲ್ಲಿಗೆ ವರ್ತಕನ ಮಾನದ ಜೊತೆ ಇವನ ಕಸುಬೂ ಪಣಕ್ಕೆ ಬಿತ್ತು.

ಆಗ ಬಂದವನು ವರ್ತಕನ ಭಾಮೈದ. ಹೆಂಡತಿಯ ತಮ್ಮ. ಒಳ್ಳೆಯ ಮನುಷ್ಯ, ಆದರೆ ನಿಧಾನವೆಂದರೆ ನಿಧಾನ. ಅವನು ಎಲೆಗೆ ಸುಣ್ಣ ಸವರುವಷ್ಟರಲ್ಲಿ ಪಕ್ಕದವನು ಅಡಿಕೆ ಅಗಿದು ಉಗಿದು ಬಂದಿರುತ್ತಿದ್ದ. ಯಾರ ಮುಖ ಕಂಡರೂ ಹೆಸರು ಕೇಳಬೇಕು, ಊರು ಕೇಳಬೇಕು, ಆ ಊರಿನಲ್ಲಿ ತನಗೆ ಯಾರು ಗೊತ್ತೆಂದು ಹೇಳಬೇಕು. ಆಮೇಲೆಯೇ ಕೈಯಲ್ಲಿದ್ದ ಕೆಲಸ. ಅಂಥವನು ಪಂಚೆ ಎತ್ತಿ ಕಟ್ಟಿಕೊಂಡು, "ನಾನೂ ಬಡಿಸುತ್ತೇನೆ," ಎಂದ.

"ಬೇಡ," ಎಂದ ಬಡಿಸುವವನು.

"ಇರಲಿ," ಎಂದ ವರ್ತಕ. ಹೆಂಡತಿಯ ತಮ್ಮನಿಗೆ ಇಲ್ಲ ಎನ್ನುವ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ.

ಬಡಿಸುವವನು ಹಲ್ಲು ಕಚ್ಚಿದ. ಇವನಿಗೆ ಯಾವ ಕೆಲಸ ಕೊಟ್ಟರೆ ಕೆಡುವುದಿಲ್ಲ ಎಂದು ಯೋಚಿಸಿ, ಉಪ್ಪು ತುಂಬಿದ ಮರದ ಮರಿಗೆಯನ್ನು ಕೈಗೆ ಕೊಟ್ಟ. ಉಪ್ಪು ತಾನೇ, ಮಗುವೂ ಇಟ್ಟೀತು.

ಭಾಮೈದ ಉಪ್ಪಿನ ಮರಿಗೆ ಹಿಡಿದು ಹೊರಟ. ಮೊದಲನೆಯ ಎಲೆಯ ಮುಂದೆ ನಿಂತು, "ತಮ್ಮ ಹೆಸರು? ಓಹೋ, ಯಾವೂರು? ಅಲ್ಲಿಯ ಪಟೇಲರು ಹೇಗಿದ್ದಾರೆ?" ಎಂದ. ಒಂದು ಚಿಟಿಕೆ ಉಪ್ಪು ಇಟ್ಟ. ಎರಡನೆಯ ಎಲೆಗೆ ಸರಿದ. ಬಡಿಸುವವನು ಅನ್ನದ ತಪ್ಪಲೆ ಹಿಡಿದು ಪಂಕ್ತಿಯ ಈ ತುದಿಯಲ್ಲಿ ನಿಂತ. ನಿಂತೇ ನಿಂತ. ದಾಟಿ ಹೋಗುವಂತಿಲ್ಲ, ಮುಂಚೆ ಹೊರಡುವಂತಿಲ್ಲ. ತಪ್ಪಲೆಯ ಬಿಸಿ ಕೈಗೆ ಏರಿತು, ಅನ್ನದ ಹಬೆ ಇಳಿಯಿತು. ತುಪ್ಪ ಬೀಳುವ ಹೊತ್ತಿಗೆ ಪಂಕ್ತಿಯ ಮೊದಲನೆಯವನು ತೂಕಡಿಸುತ್ತಿದ್ದ.

ಭಾಗೀರಥಿಗೆ ನಗು ತಡೆಯಲಾಗಲಿಲ್ಲ. "ಸರಣಿ ಜೋಡಣೆ, ಮೇಷ್ಟ್ರೇ! ಒಂದರ ಹಿಂದೆ ಒಂದು. ಎರಡು ಓಮಿಗೆ ನೂರು ಸೇರಿ ನೂರ ಎರಡು. ಪಾಪ, ಅವನೆಷ್ಟು ಚುರುಕಾಗಿದ್ದರೇನು ಬಂತು, ಮುಂದೆ ಅಂಥವನಿದ್ದ ಮೇಲೆ?"

"ಹೂಂ, ಕೇಳು," ಎಂದರು ಮೇಷ್ಟ್ರು.

ಆ ಪಂಕ್ತಿ ಎದ್ದಾಗ ಬಡಿಸುವವನು ವರ್ತಕನ ಮುಂದೆ ನಿಂತು ಕೈ ಚೆಲ್ಲಿದ. "ನೋಡಿದಿರಾ? ನಾನೊಬ್ಬನೇ ಆಗಿದ್ದರೆ ಇಷ್ಟು ಹೊತ್ತಿಗೆ ಎರಡು ಪಂಕ್ತಿ ಏಳುತ್ತಿತ್ತು. ಇದು ಸಹಾಯವಲ್ಲ, ಕಾಲಿಗೆ ಕಟ್ಟಿದ ಗುಂಡು." ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ವರ್ತಕನಿಗೆ ಇತ್ತ ಭಾಮೈದ, ಅತ್ತ ಇಳಿಯುವ ಹೊತ್ತು. ಅವನು ವ್ಯಾಪಾರದ ಬುದ್ಧಿ ಓಡಿಸಿದ. ಒಂದು ಹಗ್ಗ ತಂದು ಪಂಕ್ತಿಯ ನಡುವೆ ಹಾಕಿಸಿದ. ಹಗ್ಗದ ಈಚೆಯ ಅರ್ಧ ಬಡಿಸುವವನಿಗೆ, ಆಚೆಯ ಅರ್ಧ ಭಾಮೈದನಿಗೆ. ಉಪ್ಪಿನಿಂದ ಮಜ್ಜಿಗೆಯ ತನಕ ಅವರವರ ಅರ್ಧ ಅವರವರದು. ಇಬ್ಬರಿಗೂ ಸಮಪಾಲು, ಯಾರೂ ಯಾರಿಗೂ ಅಡ್ಡಿಯಿಲ್ಲ ಎಂದ.

ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ! ಬಡಿಸುವವನು ತನ್ನ ಅರ್ಧವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಡಿಸಿ ನಿಂತ. ಆದರೆ ಆಚೆಯ ಅರ್ಧದ ಕೊನೆಗೆ ತುಪ್ಪ ಬೀಳುವ ತನಕ ಈಚೆಯವರೂ ತುತ್ತೆತ್ತುವಂತಿಲ್ಲ, ಪಂಕ್ತಿ ಒಂದೇ ತಾನೇ. ಆಚೆ ಭಾಮೈದ ಒಬ್ಬ ಅಜ್ಜಿಯ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅವಳ ಮೊಮ್ಮಗಳ ಬಾಣಂತನ ವಿಚಾರಿಸುತ್ತಿದ್ದ. ಅಂತೂ ಇಂತೂ ಊಟ ಶುರುವಾಯಿತು. ಈಚೆಯವರು ಉಂಡು ಕೈ ಒಣಗಿಸಿಕೊಂಡು ಕುಳಿತರು. ಹೊರಗೆ ಕಾಯುತ್ತಿದ್ದವರ ಹೊಟ್ಟೆ ತಾಳ ಹಾಕಿತು. ಬೀಗರ ಕಡೆಯ ಒಬ್ಬ ಹಿರಿಯ, "ಇದೇನು ಊಟವೋ ಉಪವಾಸವೋ," ಎಂದು ಎಲ್ಲರಿಗೂ ಕೇಳಿಸುವ ಹಾಗೆ ಅಂದ.

"ಪಾಲು ಹಾಕಿದ್ದೇ ತಪ್ಪು," ಎಂದಳು ಭಾಗೀರಥಿ. "ಕರೆಂಟಿಗೆ ಯಾರೂ ಪಾಲು ಹಾಕಿಕೊಡುವುದಿಲ್ಲ. ಎರಡರಲ್ಲಿ ಹೆಚ್ಚು, ನೂರರಲ್ಲಿ ಕಡಿಮೆ, ಅದು ತಾನೇ ಹಂಚಿಕೊಂಡು ಹೋಗುತ್ತದೆ."

ಮೇಷ್ಟ್ರ ಮುಖ ಅರಳಿತು. ಶಿಷ್ಯೆ ಇಂಥ ಮಾತು ಆಡಿದಾಗ ಆ ಮುದುಕನಿಗೆ ಗಂಟಲ ನೋವೂ ಮರೆಯುತ್ತಿತ್ತು. ಆದರೂ ಶಭಾಷ್ ಎನ್ನಲಿಲ್ಲ, ಕತೆ ಮುಂದುವರಿಸಿದರು.

ಬಡಿಸುವವನು ಭಾಮೈದನ ಕೈಯಿಂದ ಸೌಟನ್ನು ಕಿತ್ತುಕೊಂಡ. "ಸ್ವಾಮಿ, ನಿಮ್ಮ ದಮ್ಮಯ್ಯ. ನೀವು ಏನೂ ಮಾಡದಿದ್ದರೆ ಅದೇ ದೊಡ್ಡ ಉಪಕಾರ," ಎಂದ. ಭಾಮೈದ ಕೈ ತೊಳೆದುಕೊಂಡು ಚಪ್ಪರದ ಆ ಕೊನೆಗೆ, ಬೀದಿಯ ಕಡೆಗೆ ಹೋದ.

ಆಮೇಲೆ ನೋಡಬೇಕಿತ್ತು ಬಡಿಸುವವನ ಕೈಚಳಕವನ್ನು. ಸಿಟ್ಟು, ಛಲ, ಹೆಮ್ಮೆ ಮೂರೂ ಕಾಲಿಗೆ ಇಳಿದಿದ್ದವು. ಉಪ್ಪು, ಪಲ್ಯ, ಕೋಸಂಬರಿ, ಅನ್ನ, ತೊವ್ವೆ, ತುಪ್ಪ. ಒಂದು ಹನಿ ಚೆಲ್ಲಲಿಲ್ಲ, ಒಂದು ಎಲೆ ತಪ್ಪಲಿಲ್ಲ. ಅಡಿಗೆಯವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನೋಡಿದರು. ತಾನು ಜೀವಮಾನದಲ್ಲಿ ಬಡಿಸಿದ ಅತ್ಯುತ್ತಮ ಪಂಕ್ತಿ ಇದು ಎಂದು ಅವನಿಗೇ ಗೊತ್ತಾಯಿತು. ಎದೆ ಉಬ್ಬಿತು. ಇಂಥ ಕೈಗೆ ಇನ್ನೊಂದು ಕೈ ಬೇರೆ ಬೇಕೇ ಎಂದುಕೊಂಡ.

ಪಂಕ್ತಿ ಎದ್ದಾಗ ಬೆವರು ಒರೆಸಿಕೊಳ್ಳಲು ಚಪ್ಪರದ ಬಾಗಿಲಿಗೆ ಬಂದ. ಅಲ್ಲಿ ಓಲಗದ ತಂಡದವನೊಬ್ಬ ಮುದುಕ ಡೋಲಿಗೆ ಬಟ್ಟೆ ಸುತ್ತುತ್ತಿದ್ದ. ದಿಬ್ಬಣದ ಗಾಡಿಗಳನ್ನು ಆಗಲೇ ಹೂಡುತ್ತಿದ್ದರು.

"ಊಟ ಆಯಿತೇ?" ಎಂದು ಕೇಳಿದ ಬಡಿಸುವವನು. ಕೇಳಿದ್ದು ಬಾಯಿಮಾತಿಗೆ.

"ನಮ್ಮದೆಲ್ಲಿ ಆಗುತ್ತದೆ ಬುದ್ಧಿ! ಓಲಗದವರು, ಗಾಡಿಯವರು, ನಮ್ಮ ಸರದಿ ಕೊನೆಗೆ. ಅದು ಬರುವ ಮೊದಲೇ ದಿಬ್ಬಣ ಹೊರಟಿರುತ್ತದೆ. ಯಾವ ಮದುವೆಯಲ್ಲಾದರೂ ಇಷ್ಟೇ. ಅದಕ್ಕೇ ಮುದ್ದೆ ನುಂಗಿಯೇ ಮನೆ ಬಿಡುವುದು." ಮುದುಕ ದೂರು ಹೇಳಲಿಲ್ಲ. ಸುಮ್ಮನೆ ಇದ್ದದ್ದು ಹೇಳಿದ.

ಬಡಿಸುವವನು ಬೆವರು ಒರೆಸುವುದನ್ನು ನಿಲ್ಲಿಸಿದ. ಯಾವ ಮದುವೆಯಲ್ಲಾದರೂ ಎಂದರೆ ತಾನು ಬಡಿಸಿದ ಮದುವೆಗಳಲ್ಲೂ. ತನ್ನ ಪಂಕ್ತಿಯಿಂದ ಹಸಿದು ಎದ್ದವರಿಲ್ಲ ಎನ್ನುವುದು ನಿಜವೇ. ಹಸಿದವರು ಪಂಕ್ತಿಯಲ್ಲಿ ಕುಳಿತೇ ಇರಲಿಲ್ಲ. ಈ ಮುದುಕನ ಡೋಲನ್ನು ಎಷ್ಟು ಚಪ್ಪರಗಳಲ್ಲಿ ಕೇಳಿದ್ದಾನೆ! ಎಲೆಯ ಮುಂದೆ ಕಂಡ ನೆನಪು ಒಂದೂ ಇಲ್ಲ. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸೌಟು ಎತ್ತಿ ಆಡಿದ ಮಾತು ಈಗ ನೆನಪಿಗೆ ಬಂತು.

"ಆದರೆ ಇವತ್ತು ಪುಣ್ಯವಿದೆ," ಎಂದ ಮುದುಕ, ಬಟ್ಟೆ ಸುತ್ತಿ ಮುಗಿಸಿ ಏಳುತ್ತ. "ಅಲ್ಲಿ ಕರೆಯುತ್ತಿದ್ದಾರೆ."

ಬಡಿಸುವವನು ತಿರುಗಿ ನೋಡಿದ. ಚಪ್ಪರದ ಬೀದಿಬದಿಯ ತುದಿಯಲ್ಲಿ ಭಾಮೈದ ನೆಲ ಗುಡಿಸಿ ಕೆಲವೇ ಕೆಲವು ಎಲೆ ಹಾಕಿದ್ದ. ತನ್ನ ಕೈಗೆ ಎಷ್ಟು ಸಾಧ್ಯವೋ ಅಷ್ಟೇ. ಅಡಿಗೆಯ ಮನೆಯಿಂದ ತಾನೇ ತಪ್ಪಲೆ ಹೊತ್ತು ತಂದಿದ್ದ. ಅದೇ ಒಂದು ಪುಟ್ಟ ಪಂಕ್ತಿ. ಅದರ ಉಪ್ಪು ಅದಕ್ಕೆ, ಅದರ ತುಪ್ಪ ಅದಕ್ಕೆ. ಒಬ್ಬ ಗಾಡಿಯವನ ಹೆಸರು ಕೇಳಿದ, ಊರು ಕೇಳಿದ, ಒಂದು ಸೌಟು ಅನ್ನ ಇಟ್ಟ. ಅವಸರವಿಲ್ಲ. ಅವನ ನಿಧಾನಕ್ಕಾಗಿ ದೊಡ್ಡ ಪಂಕ್ತಿಯಲ್ಲಿ ಒಬ್ಬನೂ ಕಾಯುತ್ತಿರಲಿಲ್ಲ. ದೊಡ್ಡ ಪಂಕ್ತಿಯ ಓಟಕ್ಕಾಗಿ ಅವನೂ ಓಡುತ್ತಿರಲಿಲ್ಲ. ಬೀಗರ ಕಡೆಯ ಆ ಬಾಯಿಜೋರಿನ ಹಿರಿಯ ಹಸಿವು ತಾಳಲಾರದೆ, ಎಲ್ಲಿ ಎಲೆ ಖಾಲಿಯಿದೆಯೋ ಅಲ್ಲೇ ಆಗಲಿ ಎಂದು ಬಂದು, ಗಾಡಿಯವನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಅವನ ಪಕ್ಕದ ಎಲೆಗೆ ಡೋಲಿನ ಮುದುಕ ಹೋಗಿ ಕುಳಿತ.

ಬಡಿಸುವವನ ಜಾಗದಲ್ಲಿ ನಾನಾಗಿದ್ದರೆ, ನೀನಾಗಿದ್ದರೆ ಏನು ಮಾಡುತ್ತಿದ್ದೆವೋ ಗೊತ್ತಿಲ್ಲ. ಅವನು ಹೆಮ್ಮೆಯ ಮನುಷ್ಯ. ತಲೆ ತಗ್ಗಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ಒಳಗೆ ಹೋಗಿ, ಬೀಗರಿಗೆಂದು ಮುಚ್ಚಿಟ್ಟಿದ್ದ ಹೋಳಿಗೆಯ ಹರಿವಾಣವನ್ನು ಹೆಗಲಿಗೇರಿಸಿ ತಂದು ಭಾಮೈದನ ಮುಂದೆ ಇಳಿಸಿದ. "ಇದು ಸಹ ನನ್ನ ಪಂಕ್ತಿಯೇ. ಇಲ್ಲಿ ಏನಾದರೂ ಕಡಿಮೆಯಾದರೆ ನನ್ನ ಹೆಸರು ಕೆಡುತ್ತದೆ, ತಿಳಿಯಿತೇ?" ಎಂದು ಗದರಿದ. ಆಮೇಲೆ ಚಪ್ಪರದ ಬಾಗಿಲಲ್ಲಿ ನಿಂತು ಕೂಗಿದ: "ಹಗ್ಗ ತೆಗೆಯಿರಿ! ಯಾರನ್ನೂ ಎಣಿಸಿ ಕಳಿಸಬೇಡಿ, ಯಾರಿಗೂ ಸರದಿ ಹೇಳಬೇಡಿ. ಎಲ್ಲಿ ಎಲೆ ಖಾಲಿಯೋ ಅಲ್ಲಿ ಕುಳಿತುಕೊಳ್ಳಿ!"

ಜನ ಹರಿದರು. ದೊಡ್ಡ ಪಂಕ್ತಿಗೆ ಹೆಚ್ಚು ಜನ, ಪುಟ್ಟ ಪಂಕ್ತಿಗೆ ಕೆಲವರು. ಯಾರೂ ಪಾಲು ಹಾಕಲಿಲ್ಲ. ಬಡಿಸುವವನು ಓಡುತ್ತಲೇ ಇದ್ದ, ಭಾಮೈದ ಹೆಸರು ಕೇಳುತ್ತಲೇ ಇದ್ದ. ಹೊತ್ತು ಇನ್ನೂ ಮಾರುದ್ದ ಇರುವಾಗಲೇ ಚಪ್ಪರದ ಬಾಗಿಲು ಬಿಕೋ ಎಂದಿತು. ಕಾಯುವವರು ಒಬ್ಬರೂ ಉಳಿದಿರಲಿಲ್ಲ. ಬಡಿಸುವವನು ಜೀವಮಾನದಲ್ಲಿ ಒಬ್ಬನೇ ಎಷ್ಟು ಬೇಗ ಮುಗಿಸುತ್ತಿದ್ದನೋ ಅದಕ್ಕಿಂತಲೂ ತುಸು ಬೇಗನೆ ಎಲ್ಲ ಮುಗಿದಿತ್ತು.

ವರ್ತಕ ಬಂದು ಅವನ ಕೈ ಹಿಡಿದುಕೊಂಡ. ಬಡಿಸುವವನು ಕೈ ಬಿಡಿಸಿಕೊಂಡು, ಬೆಳಗಿನಿಂದ ಏನೂ ತಿಂದಿರದವನು, ಪುಟ್ಟ ಪಂಕ್ತಿಯ ಕೊನೆಯ ಎಲೆಯಲ್ಲಿ ಹೋಗಿ ಕುಳಿತ. ಭಾಮೈದ ಮರಿಗೆ ಹಿಡಿದು ಬಂದ. ಎಂದಿನ ಹಾಗೆ ಕೇಳಿದ, "ತಮ್ಮ ಹೆಸರು?"

ಅಷ್ಟು ವರ್ಷಗಳಲ್ಲಿ ಯಾವ ಚಪ್ಪರದಲ್ಲೂ ಯಾರೂ ಅವನ ಹೆಸರು ಕೇಳಿರಲಿಲ್ಲ. ಬಡಿಸುವವನು ಹೆಸರು ಹೇಳಿದ. ಊರು ಹೇಳಿದ. ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಬಿತ್ತು. ದಿಬ್ಬಣ ಹೊರಟಿತು, ಡೋಲಿನ ಮುದುಕ ಅವತ್ತು ಬಾರಿಸಿದ ಹಾಗೆ ಹಿಂದೆಂದೂ ಬಾರಿಸಿರಲಿಲ್ಲ ಎಂದು ಆ ಸೀಮೆಯಲ್ಲಿ ಬಹಳ ದಿನ ಮಾತಾಡಿಕೊಂಡರು. ಬಡಿಸುವವನು ಆಮೇಲೂ ಅದೇ ಜಂಬ ಕೊಚ್ಚುತ್ತಿದ್ದ. "ನಮ್ಮ ಪಂಕ್ತಿಯಿಂದ ಹಸಿದು ಹೋದವರಿಲ್ಲ," ಎನ್ನುತ್ತಿದ್ದ. ನನ್ನ ಎನ್ನುವುದನ್ನು ಮಾತ್ರ ಬಿಟ್ಟಿದ್ದ.

ಮೇಷ್ಟ್ರು ಕತೆ ನಿಲ್ಲಿಸಿ, ಚೊಂಬೆತ್ತಿ ಎರಡು ಗುಟುಕು ನೀರು ಕುಡಿದರು.

ಭಾಗೀರಥಿಯ ಕಣ್ಣು ಹೊಳೆಯುತ್ತಿತ್ತು. ಎದ್ದು ಹಲಗೆಯ ಬಳಿ ಹೋದಳು. ಎರಡರ ಮೇಲೆ ಬೆರಳಿಟ್ಟಳು, ನೂರರ ಮೇಲೆ ಬೆರಳಿಟ್ಟಳು. "ಈಗ ಮನಸ್ಸೂ ಒಪ್ಪಿತು ಮೇಷ್ಟ್ರೇ. ನೂರು ಎರಡಕ್ಕೆ ಏನೂ ಮಾಡುವುದಿಲ್ಲ. ಎರಡರ ದಾರಿ ಎರಡರದೇ. ಎಷ್ಟೇ ಕಿರಿದಾಗಿರಲಿ, ಪಕ್ಕದಲ್ಲಿ ಇನ್ನೊಂದು ದಾರಿ ತೆರೆದರೆ ಒಂದಿಷ್ಟು ಆ ಕಡೆಯೂ ಹೋಗಲೇಬೇಕು. ಹಾಗಾಗಿ ಒಟ್ಟಿಗೆ ನೋಡಿದರೆ ಹಾದಿ ಸಲೀಸಾಗುತ್ತದೆ. ಹೊರಗೆ ನಿಂತ ಬ್ಯಾಟರಿಗೆ ಒಳಗೆ ಯಾರು ಚುರುಕು, ಯಾರು ನಿಧಾನ ಎನ್ನುವುದು ಬೇಕಿಲ್ಲ. ಅದಕ್ಕೆ ಕಾಣುವುದು ಒಂದೇ ಒಂದು ರೋಧ, ಎರಡಕ್ಕಿಂತ ಕಡಿಮೆಯದು." ಅವಳು ಉತ್ತರದ ಕೆಳಗೆ ಗೆರೆ ಎಳೆದಳು. ಸೀಮೆಸುಣ್ಣ ಕಿರ್ ಎಂದಿತು. ಇಷ್ಟು ಚೆನ್ನಾಗಿ ಇದನ್ನು ಬೇರೆ ಯಾರೂ ಹೇಳಲಾರರು ಎನ್ನಿಸಿತು ಅವಳಿಗೆ. ನಾಳೆ ಇದೇ ಕತೆಯಿಂದ ಪಾಠ ಶುರುಮಾಡಬೇಕು ಎಂದುಕೊಂಡಳು.

"ಸರಿಯಾಗಿ ಹೇಳಿದೆ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಹೆಮ್ಮೆ ಬಚ್ಚಿಡಲಾಗದಷ್ಟು ಇತ್ತು.

ಹೊಗಳಿಕೆ ಅವಳನ್ನು ಇನ್ನೊಂದು ಮೆಟ್ಟಿಲು ಹತ್ತಿಸಿತು. "ಆದರೂ ಒಂದು ಮಾತು ಮೇಷ್ಟ್ರೇ. ಲೆಕ್ಕ ಹಾಕಿ ನೋಡಿದರೆ ಎರಡು ಇಳಿಯುವುದು ಕೂದಲೆಳೆಯಷ್ಟು. ಆ ಭಾಮೈದನಿಂದ ಆದದ್ದು ಎಷ್ಟು ಮಹಾ? ಬೆರಳೆಣಿಕೆಯ ಎಲೆಗಳು. ಹೆಚ್ಚು ಬಡಿಸಿದವನು ಬಡಿಸುವವನೇ ಅಲ್ಲವೇ?"

"ಅವನೇ. ಅದರಲ್ಲಿ ಎರಡು ಮಾತಿಲ್ಲ."

ಮೇಷ್ಟ್ರು ಕಂಬ ಹಿಡಿದು ಎದ್ದರು. ಮುಂದಿನ ಚಾಪೆ ದಾಟಿ, ಜಗಲಿಯ ತುದಿಯಲ್ಲಿದ್ದ ಹಿಂದಿನ ಚಾಪೆಯ ಬಳಿಗೆ ಹೋದರು. ಅಲ್ಲಿ ಯಾರೋ ಬಿಟ್ಟುಹೋದ ಒಂದು ಪೆನ್ಸಿಲು ಬಿದ್ದಿತ್ತು. ಬಗ್ಗಿ ಎತ್ತಿಕೊಂಡು, ತಂದು ಭಾಗೀರಥಿಯ ಅಂಗೈಯಲ್ಲಿ ಇಟ್ಟರು.

"ಇವತ್ತು ಸರದಿ ಬರುವ ಮೊದಲೇ ಎದ್ದು ಹೋದರಲ್ಲ, ಅವರ ಹೆಸರೇನು ಭಾಗೀರಥಿ?" ಎಂದು ಮೇಷ್ಟ್ರು ಕೇಳಿದರು. ಭಾಗೀರಥಿ ಪೆನ್ಸಿಲಿನ ಮೇಲೆ ಹೆಸರೇನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದಳು.